ಮಾನ್ಯ, ಜೂಡಿ, ಗೌರವಧನ

ವಾಚಕರೆ, ನಿಮ್ಮಲ್ಲಿ ಯಾರಾದರೂ ಬಾನುಲಿ ನಿಲಯದ ಮೈಕಿನ ಮುಂದೆ ಕುಳಿತು ಹತ್ತು ನಿಮಿಷ ಮಾತನಾಡಿದ್ದರೆ, ಇಲ್ಲವೆ ನಾಲ್ಕು ಪದ ಹಾಡಿ ಬಂದಿದ್ದರೆ, ಅದಕ್ಕಾಗಿ ಕೊಡುವ ಹಣದ ಹೆಸರು ನಿಮಗೆ ಗೊತ್ತು. ಅದು ಸಂಬಳವಲ್ಲ, ಕೂಲಿಯಲ್ಲ, ಬಾಡಿಗೆಯಲ್ಲ, ಗೌರವಧನ. ಹೆಸರು ಕೇಳಿದೊಡನೆ ಮನಸ್ಸು ತುಸು ಹಿಗ್ಗುತ್ತದೆ. ಆದರೆ ವರುಷದಲ್ಲಿ ಹಲವು ಸಲ ಹೀಗೆ ಹೋಗಿಬರುವವರು ಒಂದು ದಿನ ಬ್ಯಾಂಕಿನ ಪುಸ್ತಕ ತೆರೆದು ನೋಡಿದಾಗ ಒಪ್ಪಂದದ ಕಾಗದದಲ್ಲಿದ್ದ ಅಂಕಿಗೂ ಜಮೆಯಾದ ಅಂಕಿಗೂ ತಾಳೆ ಬೀಳುವುದಿಲ್ಲ. ನೂರಕ್ಕೆ ಹತ್ತು ಕಡಿಮೆ. ತೆರಿಗೆ ಮುರಿದುಕೊಂಡು ಉಳಿದದ್ದನ್ನು ಕಳಿಸಿದ್ದಾರೆ. 'ಅಲ್ಲ, ಗೌರವಕ್ಕೂ ತೆರಿಗೆಯೆ?' ಎಂಬ ಪ್ರಶ್ನೆ ಆಗ ತಾನಾಗಿಯೇ ಬಾಯಿಗೆ ಬರುತ್ತದೆ.

'ಕೊಟ್ಟವನು ಕೋಡಂಗಿ, ಇಸಗೊಂಡವನು ಈರಭದ್ರ' ಎಂದು ನಮ್ಮಲ್ಲಿ ಗಾದೆಯುಂಟು. ಇಲ್ಲಿ ಕೊಟ್ಟವರೇ ಒಂದು ಪಾಲನ್ನು ಮರಳಿ ಹಿಡಿದುಕೊಳ್ಳುತ್ತಾರಾದ್ದರಿಂದ ಈರಭದ್ರ ಯಾರೆಂದು ಹೇಳುವುದು ಕಷ್ಟ. ಗೊಡಚಿಯ ವೀರಭದ್ರನ ಜಾತ್ರೆಗೆ ಹೋಗುವ ರಾಮದುರ್ಗದ ಸೀಮೆಯ ಜನಕ್ಕೆ ಈ ಪ್ರಶ್ನೆ ಹೊಸದೇನೂ ಅಲ್ಲ. ಪ್ರಭು ಗೌರವವೆಂದು ಕೊಟ್ಟದ್ದಕ್ಕೆ ತೆರಿಗೆ ಹಾಕಬಹುದೆ, ಹಾಕಿದರೆ ಎಷ್ಟು, ಅದನ್ನು ಮರಳಿ ಕಿತ್ತುಕೊಳ್ಳಬಹುದೆ ಎಂಬ ವಾದ ಮಲಪ್ರಭೆಯ ಈ ದಂಡೆಯಲ್ಲಿ ನೂರಾರು ವರುಷ ನಡೆದಿದೆ. ಒಂದು ಸಲವಂತೂ ಅದು ಕತ್ತಿ ಹಿರಿಯುವವರೆಗೆ, ನೇಣುಗಂಬದವರೆಗೆ ಹೋಗಿದೆ. ಆ ಕಥೆಯನ್ನು ನಿಮ್ಮ ಮುಂದಿಡಬೇಕೆಂದು ಈ ಲೇಖನ.

ಮೊದಲು ಮಾತಿನ ಬಗೆಗೆ ಒಂದು ಮಾತು. 'ಗೌರವಧನ' ಎಂಬುದು ಹೊಸ ಕಾಲದಲ್ಲಿ ಕಟ್ಟಿಕೊಂಡ ಶಬ್ದ. ಇಂಗ್ಲಿಷಿನ 'ಆನರೇರಿಯಂ' ಎಂಬುದಕ್ಕೆ ಸರಿಯಾಗಿ ಮಾಡಿದ್ದು. ಆ ಶಬ್ದವಾದರೋ ಲ್ಯಾಟಿನ್ ಭಾಷೆಯದು. ರೋಮ್ ನಗರದಲ್ಲಿ ವಕೀಲನು ಕಕ್ಷಿಗಾರನಿಂದ ಹಣ ತೆಗೆದುಕೊಳ್ಳಬಾರದೆಂದು ಕ್ರಿಸ್ತಪೂರ್ವ 204ರಲ್ಲಿಯೇ ಕಾನೂನು ಮಾಡಿದ್ದರು. ವಾದ ಮಾಡುವುದು ಘನತೆಯ ಕೆಲಸ, ಅದಕ್ಕೆ ಕೂಲಿ ಸಲ್ಲದು ಎಂದು ಅವರ ಭಾವನೆ. ಹಣವೇನೋ ಕೈ ಬದಲಾಯಿಸುತ್ತಲೇ ಇತ್ತು, ಹೆಸರು ಮಾತ್ರ ಗೌರವದ ಕಾಣಿಕೆಯೆಂದಾಯಿತು. ಕೊನೆಗೆ ಕ್ಲಾಡಿಯಸ್ ಚಕ್ರವರ್ತಿ 'ಹತ್ತು ಸಾವಿರ ಸೆಸ್ಟರ್ಸ್ ನಾಣ್ಯಗಳವರೆಗೆ ತೆಗೆದುಕೊಳ್ಳಿರಿ' ಎಂದು ಮಿತಿ ಹಾಕಬೇಕಾಯಿತು. ಇನ್ನೊಂದು ವಿನೋದ ಕೇಳಿರಿ. ಅದೇ ರೋಮನ್ ಪಟ್ಟಣಗಳಲ್ಲಿ ಯಾರಿಗಾದರೂ ಗೌರವದ ಹುದ್ದೆ ದೊರೆತರೆ, ಹುದ್ದೆ ಪಡೆದವನೇ ಪಟ್ಟಣಕ್ಕೆ ಇಂತಿಷ್ಟು ಹಣ ಕಟ್ಟಬೇಕಾಗಿತ್ತು. ಅದಕ್ಕೂ ಗೌರವದ ಹೆಸರೇ ಇತ್ತು. ನಮ್ಮ ಇನಾಮದಾರರು ಕೊಡುತ್ತಿದ್ದ ನಜರಾಣೆ ಇದಕ್ಕಿಂತ ಬೇರೆಯಲ್ಲ.

ಆದರೆ ನಮ್ಮ ಹಳೆಯ ಕನ್ನಡಕ್ಕೆ ರೋಮಿನ ಸಾಲ ಬೇಕಾಗಿರಲಿಲ್ಲ. ನಮ್ಮಲ್ಲಿ 'ಮಾನ್ಯ' ಎಂಬ ಶಬ್ದವಿತ್ತು. ಮಾನ ಎಂದರೆ ಗೌರವ. ಮಾನ್ಯವೆಂದರೆ ಗೌರವಾರ್ಥವಾಗಿ ಕರ ಬಿಟ್ಟುಕೊಟ್ಟ ಭೂಮಿ. ಪೂರ್ತಿ ಕರ ಬಿಟ್ಟರೆ ಸರ್ವಮಾನ್ಯ, ಅರ್ಧ ಬಿಟ್ಟರೆ ಅರ್ಧಮಾನ್ಯ. ಶಾಸನಗಳಲ್ಲಿ ಮತ್ತೆ ಮತ್ತೆ ಬರುವ 'ಸರ್ವನಮಸ್ಯ' ಎಂಬ ಮಾತೂ ಇದೇ ಜಾತಿಯದು. ಎಲ್ಲರೂ ನಮಸ್ಕರಿಸಿ ದೂರ ನಿಲ್ಲತಕ್ಕದ್ದು, ಕರ ಎತ್ತುವವನು ಸಹ ಕೈಮುಗಿದು ಹಿಂದಿರುಗತಕ್ಕದ್ದು ಎಂದು ಅದರ ಧ್ವನಿ. ಅಂದರೆ ನಮ್ಮ ಪೂರ್ವಿಕರ ಭಾಷೆಯಲ್ಲಿ ಗೌರವವೆಂಬುದಕ್ಕೂ ತೆರಿಗೆ ಇಲ್ಲವೆಂಬುದಕ್ಕೂ ಒಂದೇ ಶಬ್ದ. ಯುದ್ಧದಲ್ಲಿ ಮಡಿದವನ ಮನೆತನಕ್ಕೆ ಕೊಟ್ಟದ್ದು ನೆತ್ತರುಗೊಡಗೆ, ಕೆರೆ ಕಟ್ಟಿಸಿದವನಿಗೆ ಕೊಟ್ಟದ್ದು ಕಟ್ಟುಕೊಡಗೆ, ಓದು ಕಲಿಸುವವರಿಗೆ ಭಟ್ಟವೃತ್ತಿ. ಅಂದಿನ ಗೌರವಧನದ ಪಟ್ಟಿ ಇಂದಿನದಕ್ಕಿಂತ ದೊಡ್ಡದೇ ಇತ್ತು.

ರಾಮದುರ್ಗದ ನೆರೆಯ ಸವದತ್ತಿ, ಅಂದರೆ ಅಂದಿನ ಸುಗಂಧವರ್ತಿ, ರಟ್ಟರ ರಾಜಧಾನಿಯಾಗಿತ್ತು. ಅಲ್ಲಿಯ 980ನೆಯ ಇಸವಿಯ ಶಾಸನವೊಂದರಲ್ಲಿ ಶಾಂತಿವರ್ಮನು ಬಸದಿಗೆ 150 ಮತ್ತರು ಭೂಮಿಯನ್ನು ಬಿಟ್ಟುಕೊಟ್ಟ ಸಂಗತಿ ಇದೆ. ಇಂಥ ಕಲ್ಲುಗಳ ಕೊನೆಗೆ, ದಾನವನ್ನು ಅಳಿದವನಿಗೆ ಇಂಥ ಪಾಪ ತಟ್ಟೀತು ಎಂಬ ಶಾಪವನ್ನು ಕೆತ್ತುವುದು ವಾಡಿಕೆ. ಅದನ್ನು ಓದಿದಾಗಲೆಲ್ಲ ನನಗೆ ಅನಿಸುವುದು ಇಷ್ಟು: ಕೊಟ್ಟದ್ದನ್ನು ಮರಳಿ ಕಿತ್ತುಕೊಳ್ಳುವವರು ಆಗಲೂ ಇದ್ದರು. ಇಲ್ಲದಿದ್ದರೆ ಅಷ್ಟು ಶಾಪ ಯಾತಕ್ಕೆ?

ಪೇಶವೆಯರ ಕಾಲಕ್ಕೆ ಬರೋಣ. ನರಗುಂದ ಮತ್ತು ರಾಮದುರ್ಗ, ಈ ಎರಡು ಗಟ್ಟಿ ಕೋಟೆಗಳು ಭಾವೆ ಮನೆತನದ ಕೈಗೆ ಬಂದದ್ದು ಪೇಶವೆಯರ ಕೃಪೆಯಿಂದ. ದಂಡಿನ ಸೇವೆಗೆ ಪ್ರತಿಯಾಗಿ ಸೀಮೆಯ ಉತ್ಪನ್ನ. ಗೌರವವೂ ಹೌದು, ಕೆಲಸದ ಸಂಭಾವನೆಯೂ ಹೌದು. 1778ರ ಸುಮಾರಿಗೆ ಸೀಮೆ ಹೈದರಾಲಿಯ ಅಂಕೆಗೆ ಹೋಯಿತು. ಕಪ್ಪ ಕೊಡುವುದು, ಸ್ಥಾನದಲ್ಲಿ ಮುಂದುವರಿಯುವುದು ಎಂದು ಏರ್ಪಾಡಾಯಿತು. ಆಮೇಲೆ ಟೀಪೂ ಸುಲ್ತಾನನು ಹೆಚ್ಚಿನದನ್ನು ಬೇಡಿದ. ನರಗುಂದದ ವೆಂಕಟರಾವ್ ಭಾವೆ ಒಪ್ಪಲಿಲ್ಲ. 1785ರಲ್ಲಿ ತಿಂಗಳುಗಟ್ಟಲೆ ಮುತ್ತಿಗೆ ನಡೆದು ನರಗುಂದ ಬಿತ್ತು. ವೆಂಕಟರಾಯನೂ ಅವನ ಕಾರಭಾರಿ ಕಾಳೋಪಂತ ಪೇಠೆಯೂ ಸೆರೆಯಾದರು. ಶ್ರೀರಂಗಪಟ್ಟಣ ಬಿದ್ದ ಮೇಲೆ ಬಿಡುಗಡೆ, ಸೀಮೆಯ ಮರುಪ್ರಾಪ್ತಿ. 1810ರಲ್ಲಿ ಪೇಶವೆಯು ಮನೆತನದ ಎರಡು ಕವಲುಗಳಿಗೆ ಸೀಮೆಯನ್ನು ಹಂಚಿ ಬೇರೆ ಬೇರೆ ಸನದು ಕೊಟ್ಟ. ಹೀಗೆ ನರಗುಂದ ಒಂದು, ರಾಮದುರ್ಗ ಒಂದು ಆಯಿತು. 1818ರಲ್ಲಿ ಪೇಶವೆಯೇ ಇಲ್ಲವಾದಾಗ ಕಂಪನಿ ಸರಕಾರ ಇಬ್ಬರನ್ನೂ ಇದ್ದಲ್ಲಿಯೇ ಇರಗೊಟ್ಟಿತು.

ಈ ದೊಡ್ಡವರ ಕೆಳಗೆ ಸಾವಿರಾರು ಚಿಕ್ಕವರಿದ್ದರು. ದೇಸಾಯಿ, ದೇಶಪಾಂಡೆ, ಗೌಡ, ಕುಲಕರ್ಣಿ, ದೇವಸ್ಥಾನದ ಪೂಜಾರಿ, ಮಠದ ಅಯ್ಯನವರು, ಶಾಸ್ತ್ರಿಗಳು, ನಗಾರಿ ಬಾರಿಸುವವರು. ಒಬ್ಬೊಬ್ಬರಿಗೂ ಒಂದಿಷ್ಟು ಇನಾಮು ಹೊಲ. ಇವುಗಳಲ್ಲಿ ಪೂರ್ತಿ ಮಾಫಿಯಾದವು ಕೆಲವು. ಉಳಿದವಕ್ಕೆ 'ಜೂಡಿ' ಎಂಬ ಹಗುರಾದ ತೆರಿಗೆ ಇತ್ತು. ಮೈಸೂರು ಕಡೆ ಇದನ್ನೇ ಜೋಡಿ ಎನ್ನುತ್ತಾರೆ. ಪಕ್ಕದ ಒಕ್ಕಲಿಗನು ಸರಕಾರಕ್ಕೆ ಪೂರ್ತಿ ಸಾರಾ ತುಂಬುವಾಗ ಇನಾಮದಾರನು ಅದರ ಒಂದು ಚೂರನ್ನು ತುಂಬುವನು. ಗೌರವವೂ ಉಳಿಯಿತು, ಖಜಾನೆಗೂ ನಾಲ್ಕು ಕಾಸು ಬಂತು. ಮೇಲಾಗಿ ತಂದೆ ತೀರಿಕೊಂಡು ಮಗನ ಹೆಸರು ಹಚ್ಚುವಾಗ, ಇಲ್ಲವೆ ದತ್ತಕ ತೆಗೆದುಕೊಳ್ಳುವಾಗ ನಜರಾಣೆ. ಗೌರವಕ್ಕೆ ತೆರಿಗೆ ಎಂಬ ಪದ್ಧತಿಯನ್ನು ಇಂಗ್ಲಿಷರು ಹಡಗಿನಲ್ಲಿ ತಂದದ್ದಲ್ಲ. ಆದರೆ ಹಳೆಯ ಪದ್ಧತಿಯಲ್ಲಿ ಒಂದು ಸಡಿಲು ಇತ್ತು. ಯಾರಿಗೆ ಎಷ್ಟು, ಯಾಕೆ, ಎಂದಿನಿಂದ ಎಂದು ಪ್ರತಿ ಹೊಲಕ್ಕೂ ಕಾಗದ ಕೇಳುವವರು ಇರಲಿಲ್ಲ.

ಕಾಗದ ಕೇಳುವವರು ಬಂದರು. 1843ರಲ್ಲಿ ದಕ್ಷಿಣ ಮರಾಠಾ ಪ್ರಾಂತವೆಂದು ಕರೆಯುತ್ತಿದ್ದ ಈ ನಮ್ಮ ಸೀಮೆಯಲ್ಲಿಯೇ ಇನಾಮುಗಳ ವಿಚಾರಣೆ ಮೊದಲಾಯಿತು. 1852ರ ಹನ್ನೊಂದನೆಯ ಕಾಯಿದೆಯಿಂದ ಅದು ಇನಾಮ್ ಕಮಿಶನ್ ಎಂಬ ಪೂರ್ಣ ರೂಪ ತಾಳಿತು. ಅದರ ರೀತಿಯನ್ನು ಸ್ವಲ್ಪ ನಿಂತು ನೋಡಬೇಕು. ಇನಾಮು ಸುಳ್ಳೆಂದು ಸರಕಾರ ತೋರಿಸಬೇಕಾಗಿರಲಿಲ್ಲ; ನಿಜವೆಂದು ಹಿಡುವಳಿದಾರನೇ ತೋರಿಸಬೇಕು. ಅಜ್ಜನ ಅಜ್ಜನಿಗೆ ಕೊಟ್ಟ ಸನದು ಗೆದ್ದಲು ತಿಂದು ಹೋಗಿದ್ದರೆ ಅದು ನಿಮ್ಮ ಹಣೆಯ ಬರಹ. ಸರಕಾರದ ಕೈಯಲ್ಲಿ ಮಾತ್ರ ಪುಣೆಯ ಪೇಶವೆ ದಫ್ತರದ ರಾಶಿ ಕಾಗದಗಳಿದ್ದವು. ಅವುಗಳಲ್ಲಿ ನಿಮ್ಮ ಹೆಸರು ಸಿಗದಿದ್ದರೆ ನಿಮ್ಮ ಹಕ್ಕು ಇಲ್ಲ. ಕಮಿಶನ್ನಿನ ತೀರ್ಪಿನ ಮೇಲೆ ಸರಕಾರಕ್ಕೇ ಮೊರೆಯಿಡಬೇಕು, ದಿವಾಣಿ ನ್ಯಾಯಾಲಯದ ಬಾಗಿಲು ಮುಚ್ಚಿತ್ತು. ವಿಚಾರಣೆಗೆ ಕುಳಿತವರಲ್ಲಿ ಹಲವರು ದಂಡಿನ ಅಧಿಕಾರಿಗಳು. ಐದಾರು ವರುಷಗಳಲ್ಲಿ ಸಾವಿರಾರು ಇನಾಮುಗಳು ಮಾಫಿ ಕಳೆದುಕೊಂಡು ಪೂರ್ತಿ ಸಾರೆಗೆ ಒಳಗಾದವು.

ಕಮಿಶನ್ನಿನ ಕಡೆಯಿಂದಲೂ ಒಂದು ಮಾತು ಹೇಳಬೇಕು, ಇಲ್ಲವಾದರೆ ನ್ಯಾಯವಾಗದು. ಪೇಶವೆಶಾಹಿಯ ಕೊನೆಯ ಗಡಿಬಿಡಿಯಲ್ಲಿ ಸುಳ್ಳು ಸನದುಗಳು ಹುಟ್ಟಿದ್ದುಂಟು. ಪಕ್ಕದ ಹೊಲದ ಬಡ ಒಕ್ಕಲಿಗನು ಪೂರ್ತಿ ತುಂಬುವಾಗ ಬಲ್ಲಿದನು ಹಳೆಯ ಗೌರವದ ಹೆಸರಿನಲ್ಲಿ ಬಿಟ್ಟಿ ತಿನ್ನುವುದು ಸರಿಯೆ ಎಂಬ ಪ್ರಶ್ನೆ ಸುಳ್ಳಲ್ಲ. ಈ ಕಥೆಯನ್ನು ಇನಾಮದಾರರ ಕಣ್ಣೀರಿನಿಂದಲೇ ಬರೆಯುವವರು ಆ ಒಕ್ಕಲಿಗನನ್ನು ಮರೆಯುತ್ತಾರೆ. ಕಮಿಶನ್ನಿನ ತಪ್ಪು ಪ್ರಶ್ನೆ ಕೇಳಿದ್ದಲ್ಲ. ತಾನೇ ವಾದಿ, ತಾನೇ ನ್ಯಾಯಾಧೀಶನಾಗಿ ಕುಳಿತದ್ದು.

ನರಗುಂದದ ಭಾಸ್ಕರರಾವ್ ಭಾವೆ, ಜನ ಕರೆಯುವಂತೆ ಬಾಬಾಸಾಹೇಬ, ಮಕ್ಕಳಿಲ್ಲದವನು. ದತ್ತಕಕ್ಕೆ ಅನುಮತಿ ಬೇಡಿದ, ಸರಕಾರ ಕೊಡಲಿಲ್ಲ. ಅರ್ಥವಿಷ್ಟೆ: ನಿನ್ನ ಮನೆತನಕ್ಕೆ ಕೊಟ್ಟ ಗೌರವ ನಿನ್ನೊಂದಿಗೆ ಮುಗಿಯಿತು, ಆಮೇಲೆ ಸೀಮೆ ನಮ್ಮದು. ದಕ್ಷಿಣ ಮರಾಠಾ ಪ್ರಾಂತದ ಪೊಲಿಟಿಕಲ್ ಏಜಂಟನಾಗಿ ಬಂದ ಚಾರ್ಲ್ಸ್ ಮ್ಯಾನ್‌ಸನ್ನನು ಹಿಂದೆ ಇನಾಮ್ ಕಮಿಶನ್ನಿನಲ್ಲಿಯೇ ದುಡಿದವನು. ಈ ಸೀಮೆಯವರಿಗೆ ಅವನ ಹೆಸರು ಕಿವಿಗೆ ಹಿತವಾಗಿರಲಿಲ್ಲ. 1858ರ ಮೇ ತಿಂಗಳ ಕೊನೆಗೆ ಅವನು ರಾಮದುರ್ಗಕ್ಕೆ ಬಂದ. ಅಲ್ಲಿಯ ಅರಸು ಬಾಬಾಸಾಹೇಬನ ಮಲಸೋದರ. ನರಗುಂದದ ದಾರಿ ಕ್ಷೇಮವಲ್ಲವೆಂದು ಅವನು ಎಚ್ಚರಿಸಿದನೆಂದು ಬ್ರಿಟಿಷ್ ಇತಿಹಾಸಕಾರರು ಬರೆಯುತ್ತಾರೆ. ಮ್ಯಾನ್‌ಸನ್ನನು ಹೊರಟೇ ಹೊರಟ. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದಾಗ ಬಾಬಾಸಾಹೇಬನ ಜನ ಅವನ ಮೇಲೆ ಬಿದ್ದು ಕೊಂದರು. ಅವನ ತಲೆ ನರಗುಂದದ ಅಗಸೆಗೆ ತೂಗಿತು. ಜೂನ್ ಮೊದಲ ದಿನಗಳಲ್ಲಿಯೇ ಕರ್ನಲ್ ಮಾಲ್ಕಮ್ಮನ ದಂಡು ನರಗುಂದವನ್ನು ಹಿಡಿಯಿತು. ತೊರಗಲ್ಲಿನ ಕಡೆಯ ಅಡವಿಯಲ್ಲಿ ಬಾಬಾಸಾಹೇಬ ಸೆರೆಸಿಕ್ಕ. ಜೂನ್ 12ರಂದು ಬೆಳಗಾವಿಯಲ್ಲಿ ಅವನನ್ನು ಗಲ್ಲಿಗೇರಿಸಿದರು. ನರಗುಂದ ಸಂಸ್ಥಾನ ಖಾಲಸಾ ಆಯಿತು, ರಾಮದುರ್ಗ ಉಳಿಯಿತು.

ನರಗುಂದದ ಬಂಡಾಯದ ಹಾಡನ್ನು ಕೇಳಿ ಬೆಳೆದವರಿಗೂ ಗೊತ್ತಿರಲಾರದ ಒಂದು ಸಂಗತಿ ಇಲ್ಲಿದೆ. ದೇಶದ ತುಂಬ ಎದ್ದ ಆ ಬಂಡಾಯವನ್ನು ಅಡಗಿಸಲು ಆದ ಖರ್ಚಿನಿಂದ ಸರಕಾರದ ಬೊಕ್ಕಸ ಬರಿದಾಯಿತು. ಅದನ್ನು ತುಂಬಲು ವಿಲಾಯತಿಯಿಂದ ಜೇಮ್ಸ್ ವಿಲ್ಸನ್ ಎಂಬ ಅರ್ಥಸಚಿವನನ್ನು ಕಳಿಸಿದರು. 1860ರ ಫೆಬ್ರುವರಿಯಲ್ಲಿ ಅವನು ಮಂಡಿಸಿದ ಮುಂಗಡಪತ್ರದಲ್ಲಿ ಹಿಂದೂಸ್ಥಾನದ ಮೊದಲ ಆದಾಯ ತೆರಿಗೆ ಬಂತು. ವರುಷಕ್ಕೆ 200 ರೂಪಾಯಿಯೊಳಗಿನ ಆದಾಯಕ್ಕೆ ಮಾಫಿ. 200ರಿಂದ 500ರವರೆಗೆ ನೂರಕ್ಕೆ ಎರಡು. ಅದರ ಮೇಲೆ ನೂರಕ್ಕೆ ನಾಲ್ಕು. ಮದ್ರಾಸಿನ ಗವರ್ನರನಾಗಿದ್ದ ಟ್ರೆವೆಲಿಯನ್ ಇದನ್ನು ಬಹಿರಂಗವಾಗಿ ವಿರೋಧಿಸಿ ಹುದ್ದೆಯನ್ನೇ ಕಳೆದುಕೊಂಡ. ವಿಲ್ಸನ್ನನು ಅದೇ ಆಗಸ್ಟಿನಲ್ಲಿ ಕಲಕತ್ತೆಯಲ್ಲಿ ತೀರಿಕೊಂಡ. ತೆರಿಗೆ ಮಾತ್ರ 1865ರಲ್ಲಿ ಒಮ್ಮೆ ನಿಂತು ಮತ್ತೆ ಮತ್ತೆ ಬಂದು, 1886ರ ಕಾಯಿದೆಯಿಂದ ಬೇರೂರಿ ನಿಂತಿತು. ಇಂದು ನಿಮ್ಮ ಗೌರವಧನದಿಂದ ಮುರಿಯುವ ಹಣಕ್ಕೂ ಸುರೇಬಾನದ ಆ ರಾತ್ರಿಗೂ ಇಷ್ಟು ಹತ್ತಿರದ ನಂಟು ಇದೆ.

ಇತ್ತ ಇನಾಮುಗಳ ವಿಷಯದಲ್ಲಿ ಸರಕಾರ ಪಾಠ ಕಲಿತಿತ್ತು. ಮುಂಬಯಿ ಸರಕಾರದ 1863ರ ಎರಡನೆಯ ಕಾಯಿದೆಯು, ಕಾಗದ ಹುಡುಕುವ ಗೋಜಿಗೆ ಹೋಗದೆ ಒಂದು ಸರಳ ಒಪ್ಪಂದವನ್ನು ಮುಂದಿಟ್ಟಿತು. ಸಾರೆಯ ಆಕಾರದ ಮೇಲೆ ರೂಪಾಯಿಗೆ ನಾಲ್ಕಾಣೆ ಜೂಡಿ. ಉತ್ತರಾಧಿಕಾರಕ್ಕೂ ಪರಭಾರೆಗೂ ಸೇರಿಸಿ ವರುಷ ವರುಷ ರೂಪಾಯಿಗೆ ಒಂದಾಣೆ ನಜರಾಣೆ. ಇದನ್ನು ಒಪ್ಪಿ ತುಂಬುತ್ತ ಹೋದರೆ ಹೊಲ ವಂಶಪಾರಂಪರ್ಯ ನಿಮ್ಮದು; ದತ್ತಕ ತೆಗೆದುಕೊಳ್ಳಿರಿ, ಮಾರಿರಿ, ಯಾರೂ ಕೇಳುವುದಿಲ್ಲ. ಹದಿನಾರಾಣೆಯ ಗೌರವದಲ್ಲಿ ಐದಾಣೆ ತೆರಿಗೆಗೆ ಹೋಗಿ ಹನ್ನೊಂದಾಣೆ ಉಳಿಯಿತೆನ್ನಿ. ದೇವಸ್ಥಾನದ ಇನಾಮು, ಸೇವೆಯ ಇನಾಮುಗಳಿಗೆ ಬೇರೆ ಲೆಕ್ಕ. ಬಹಳ ಮಂದಿ ಇದನ್ನು ಒಪ್ಪಿಕೊಂಡರು. ಐದು ವರುಷ ಮೊದಲೇ ಇಂಥ ಒಪ್ಪಂದ ಬಂದಿದ್ದರೆ ಏನಾಗುತ್ತಿತ್ತೋ ಎಂದು ಕೇಳುವುದು ಇತಿಹಾಸದ ಕೆಲಸವಲ್ಲ. ಆದರೂ ಕೇಳದೆ ಇರಲಾಗುವುದಿಲ್ಲ.

ಮುಂದೆ ಇನ್ನೊಂದು ವಿಚಿತ್ರ ನಡೆಯಿತು. 1860ರ ತೆರಿಗೆ ಬೇಸಾಯದ ಆದಾಯವನ್ನೂ ಬಿಟ್ಟಿರಲಿಲ್ಲ. 1886ರ ಕಾಯಿದೆ ಬೇಸಾಯದ ಆದಾಯವನ್ನು ಪೂರ್ತಿ ಹೊರಗಿಟ್ಟಿತು. ಹಾಗಾಗಿ ಗೌರವವನ್ನು ಭೂಮಿಯ ರೂಪದಲ್ಲಿ ಪಡೆದವನಿಗೆ ಜೂಡಿಯ ಹೊರತು ಬೇರೆ ತೆರಿಗೆಯಿಲ್ಲ. ಅದೇ ಗೌರವವನ್ನು ರೊಕ್ಕದ ರೂಪದಲ್ಲಿ ಪಡೆದವನು ಆದಾಯ ತೆರಿಗೆಯ ಲೆಕ್ಕಕ್ಕೆ ಬಂದ. ಕಾಲವಾದರೋ ಭೂಮಿಯಿಂದ ರೊಕ್ಕದ ಕಡೆ ಹೊರಳುತ್ತಿತ್ತು.

1922ನೆಯ ಇಸವಿ ನಮ್ಮ ಈ ವಿಷಯಕ್ಕೆ ಮುಖ್ಯವಾದುದು. ಆ ವರುಷ ಹೊಸ ಆದಾಯ ತೆರಿಗೆ ಕಾಯಿದೆ ಬಂತು. ಅದೇ ವರುಷ ಸರಕಾರಿ ನೌಕರರಿಗಾಗಿ ಮೂಲ ನಿಯಮಗಳು ಜಾರಿಗೆ ಬಂದವು. ಆ ನಿಯಮಗಳು 'ಆನರೇರಿಯಂ' ಎಂಬುದಕ್ಕೆ ಕೊಡುವ ಅರ್ಥ ನೋಡಿರಿ: ಅಪರೂಪಕ್ಕೆ, ಬಿಟ್ಟು ಬಿಟ್ಟು ಮಾಡುವ ವಿಶೇಷ ಕೆಲಸಕ್ಕಾಗಿ ಸರಕಾರದ ಖಜಾನೆಯಿಂದ ಕೊಡುವ ಸಂಭಾವನೆ. ಹೆಸರಿನಲ್ಲಿ ಗೌರವ, ಅರ್ಥದಲ್ಲಿ ಕೆಲಸದ ಕೂಲಿ. ಸರಕಾರವೇ ತನ್ನ ಬಾಯಿಯಿಂದ ಹೀಗೆ ಹೇಳಿದ ಮೇಲೆ ತೆರಿಗೆಯವರಿಗೆ ಸಂಶಯ ಉಳಿಯುವುದಾದರೂ ಹೇಗೆ? ಆದರೂ ತೆರಿಗೆ ಕಾಯಿದೆಯಲ್ಲಿ ಒಂದು ಸಣ್ಣ ಕಿಂಡಿ ಇತ್ತು. ವ್ಯಾಪಾರದಿಂದಲ್ಲ, ವೃತ್ತಿಯಿಂದಲ್ಲ, ಕಸುಬಿನಿಂದಲ್ಲ, ಆಕಸ್ಮಿಕವಾಗಿ ಬಂದು ಮರುಕಳಿಸದ ಹಣಕ್ಕೆ ತೆರಿಗೆಯಿಲ್ಲ ಎಂದು ಅದು ಹೇಳುತ್ತಿತ್ತು. ಈ ಕಿಂಡಿ 1961ರ ಕಾಯಿದೆಯಲ್ಲಿಯೂ ಉಳಿಯಿತು. ಮುಂದೆ ಅದಕ್ಕೆ ಸಾವಿರ ರೂಪಾಯಿ, ಆಮೇಲೆ ಐದು ಸಾವಿರ ರೂಪಾಯಿ ಎಂದು ಮಿತಿ ಬಿತ್ತು. 2002ರಲ್ಲಿ ಅದನ್ನು ಮುಚ್ಚಿಬಿಟ್ಟರು.

ಇದೆಲ್ಲ ನಡೆಯುವಾಗ ರಾಮದುರ್ಗ ಎಲ್ಲಿತ್ತು? ಅದು ದೇಶೀ ಸಂಸ್ಥಾನವಾದ್ದರಿಂದ ಬ್ರಿಟಿಷ್ ಹಿಂದೂಸ್ಥಾನದ ಆದಾಯ ತೆರಿಗೆ ಕಾಯಿದೆಯ ಕೈ ಅದಕ್ಕೆ ನಿಲುಕುತ್ತಿರಲಿಲ್ಲ. 1901ರ ಗಣತಿಯಲ್ಲಿ ಜನಸಂಖ್ಯೆ 37,848; ಕ್ಷೇತ್ರ 169 ಚದರ ಮೈಲು. ಅಷ್ಟು ಚಿಕ್ಕ ಸಂಸ್ಥಾನದ ಭಾರವೆಲ್ಲ ಒಕ್ಕಲಿಗನ ಹೆಗಲ ಮೇಲೆಯೇ. ಮೂವತ್ತರ ದಶಕದ ಕೊನೆಗೆ ಬೆಳೆ ಕೈಕೊಟ್ಟಾಗ, ತೆರಿಗೆ ಇಳಿಸಬೇಕೆಂದು ಪ್ರಜಾಸಂಘ ಕೇಳಿತು. ಕೆಲವು ರಿಯಾಯಿತಿಗಳೂ ದೊರೆತವು. ಆದರೆ ಮಾತು ಮುರಿದು ಮುಖಂಡರ ಬಂಧನವಾಗಿ, 1939ರ ಏಪ್ರಿಲ್ 7ರಂದು ಜನ ಸಿಟ್ಟಿಗೆದ್ದು ರಕ್ತಪಾತವಾಯಿತು. ಪೊಲೀಸರು ಪ್ರಾಣ ಕಳೆದುಕೊಂಡರು, ಮೊಕದ್ದಮೆಗಳು ನಡೆದು ಉಗ್ರ ಶಿಕ್ಷೆಗಳಾದವು. ಗಾಂಧೀಜಿಯವರು ನೊಂದುಕೊಂಡು 'ಹರಿಜನ' ಪತ್ರಿಕೆಯಲ್ಲಿ ರಾಮದುರ್ಗದ ಬಗೆಗೆ ಬರೆದರು. ಮಾನ್ಯ ಪಡೆದವನಿಗೆ ತೆರಿಗೆ ಹಗುರಾದಾಗಲೆಲ್ಲ ಅದು ಯಾರ ಮೇಲೆ ಭಾರವಾಗಿ ಕೂಡ್ರುತ್ತದೆ ಎಂಬುದನ್ನು ಈ ಊರು ಹತ್ತಿರದಿಂದ ಬಲ್ಲದು.

1948ರ ಮಾರ್ಚ್ 8ರಂದು ರಾಮದುರ್ಗ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಕೊನೆಯ ಅರಸರು ರಾಮರಾವ್ ವೆಂಕಟರಾವ್ ಭಾವೆಯವರು. ಇನ್ನು ಮುಂದಿನ ಮೂರು ತಾರೀಖುಗಳನ್ನು ಸಾಲಾಗಿ ಇಟ್ಟು ನೋಡುವುದು ನನಗೆ ಬಹಳ ಇಷ್ಟ. ವಿಲೀನವಾದ ಸಂಸ್ಥಾನಗಳಿಗೆ ಆದಾಯ ತೆರಿಗೆ ಕಾಯಿದೆಯನ್ನು ವಿಸ್ತರಿಸಿದ್ದು 1949ರ ಏಪ್ರಿಲ್ 1ರಿಂದ. ಧಾರವಾಡದಲ್ಲಿ ಬಾನುಲಿ ನಿಲಯ ಆರಂಭವಾದದ್ದು 1950ರ ಜನವರಿ 8ರಂದು. ಸಂವಿಧಾನ ಜಾರಿಗೆ ಬಂದದ್ದು ಅದೇ ಜನವರಿ 26ರಂದು. ರಾಮದುರ್ಗದ ಪಂಡಿತನೋ ಪದಗಾರನೋ ಧಾರವಾಡದ ಮೈಕಿನ ಮುಂದೆ ಕೂಡ್ರುವ ಹೊತ್ತಿಗೆ ತೆರಿಗೆಯ ಕಾಯಿದೆ ಅವನಿಗಿಂತ ಒಂಬತ್ತು ತಿಂಗಳು ಮೊದಲೇ ಊರಿಗೆ ಬಂದು ಕೂತಿತ್ತು.

ಸಂವಿಧಾನದ 291ನೆಯ ಅನುಚ್ಛೇದವೋ, ಸಂಸ್ಥಾನ ಬಿಟ್ಟುಕೊಟ್ಟ ಅರಸರಿಗೆ ಸಲ್ಲುವ ರಾಜಧನಕ್ಕೆ ಯಾವ ಆದಾಯ ತೆರಿಗೆಯೂ ಇಲ್ಲವೆಂದು ಸಾರಿತು. ಹಳೆಯ ಶಾಸನಗಳ ಸರ್ವನಮಸ್ಯ ಮತ್ತೆ ಬಂದಂತಾಯಿತು. ಹಾಡಿದವನ ಹತ್ತಿಪ್ಪತ್ತು ರೂಪಾಯಿ ಆದಾಯದ ಲೆಕ್ಕಕ್ಕೆ ಸೇರಿತು. ಆಳಿದವನ ಸಾವಿರ, ಲಕ್ಷಗಳು ಸೇರಲಿಲ್ಲ. ಇದನ್ನು ಅನ್ಯಾಯವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವಂತೆಯೂ ಇಲ್ಲ. ಅದು ಕೊಟ್ಟ ಮಾತು. ಆ ಮಾತಿನ ಬಲದಿಂದಲೇ ನೂರಾರು ಸಂಸ್ಥಾನಗಳು ರಕ್ತವಿಲ್ಲದೆ ಒಂದಾದವು. ಆದರೂ ಅದು ಬಹುಕಾಲ ಬಾಳಲಿಲ್ಲ. 1970ರಲ್ಲಿ ರಾಷ್ಟ್ರಪತಿಗಳ ಆಜ್ಞೆಯಿಂದ ಅರಸರ ಮನ್ನಣೆಯನ್ನು ತೆಗೆದುಹಾಕಿದಾಗ ಸುಪ್ರೀಂ ಕೋರ್ಟು ಆ ಡಿಸೆಂಬರಿನಲ್ಲಿ ಅದನ್ನು ರದ್ದುಗೊಳಿಸಿತು. 1971ರ ಡಿಸೆಂಬರಿನಲ್ಲಿ ಸಂವಿಧಾನದ 26ನೆಯ ತಿದ್ದುಪಡಿ ಬಂದು ರಾಜಧನವೇ ಇಲ್ಲವಾಯಿತು. ಆ ಹೊತ್ತಿಗೆ ಚಿಕ್ಕ ಇನಾಮುಗಳ ಕಥೆಯೂ ಮುಗಿದಿತ್ತು. ಮುಂಬಯಿ ರಾಜ್ಯ 1952ರ ವೈಯಕ್ತಿಕ ಇನಾಮು ರದ್ದಿಯಾತಿ ಕಾಯಿದೆಯನ್ನು ಮಾಡಿತು. ವಿಲೀನ ಪ್ರದೇಶಗಳಿಗಾಗಿ 1955ರಲ್ಲಿ ಇನ್ನೊಂದನ್ನು ತಂದಿತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಕನ್ನಡ ರಾಜ್ಯಕ್ಕೆ ಸೇರುವ ಹೊತ್ತಿಗೆ ಜೂಡಿಯ ಕಾಲ ಕಳೆದು, ಮಾನ್ಯದ ಹೊಲಗಳಿಗೂ ಪೂರ್ತಿ ಸಾರಾ ಬರುವ ಕಾಲ ಬಂದಿತ್ತು.

ಹಾಗಾದರೆ ಗೌರವದಿಂದ ಕೊಟ್ಟದ್ದು ಯಾವಾಗ ಕೊಡುಗೆ, ಯಾವಾಗ ಆದಾಯ? ಇದಕ್ಕೆ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳನ್ನು ಹೇಳಲೇಬೇಕು. ಮೊದಲನೆಯದರಲ್ಲಿ ಎದುರುವಾದಿ ಬೆಂಗಳೂರಿನಲ್ಲಿದ್ದ ಆದಾಯ ತೆರಿಗೆ ಕಮಿಶನರರು. ತಿರುವಾಂಕೂರಿನಲ್ಲಿ ಪೊಲೀಸ್ ಅಧಿಕಾರಿಯಾಗಿ ನಿವೃತ್ತರಾದ ಪಿ. ಕೃಷ್ಣ ಮೆನನ್ನರು ಶಿಷ್ಯರಿಗೆ ವೇದಾಂತ ಬೋಧಿಸುತ್ತಿದ್ದರು. ಲೆವಿ ಎಂಬ ಆಂಗ್ಲ ಶಿಷ್ಯನು ಭಕ್ತಿಯಿಂದ ಎರಡು ಲಕ್ಷ ರೂಪಾಯಿಗೂ ಮಿಕ್ಕ ಹಣವನ್ನು ಅವರಿಗೆ ಕೊಟ್ಟ. ಮೆನನ್ನರು ಶುಲ್ಕ ಕೇಳಿದವರಲ್ಲ, ಲಾಭದ ಆಸೆ ಅವರಿಗಿರಲಿಲ್ಲ. ಆದರೂ ವೇದಾಂತ ಬೋಧನೆ ಒಂದು ಕಸುಬು, ಆ ಹಣ ಬಂದದ್ದು ಅದರ ಮೂಲಕ, ಆದ್ದರಿಂದ ತೆರಿಗೆ ಸಲ್ಲತಕ್ಕದ್ದು ಎಂದು ಐವತ್ತರ ದಶಕದ ಕೊನೆಗೆ ತೀರ್ಪಾಯಿತು. ಗುರುದಕ್ಷಿಣೆಗೂ ತೆರಿಗೆ ತಪ್ಪಲಿಲ್ಲ! ಅದಾದ ಕೆಲವೇ ವರುಷಗಳಲ್ಲಿ ಭಾವನಗರದ ಮೊಕದ್ದಮೆ ಬಂತು. ಅಲ್ಲಿಯ ಮಹಾರಾಜರು ದಿವಾನರಾಗಿದ್ದ ಅನಂತರಾಯ ಪಟ್ಟಣಿಯವರಿಗೆ ಐದು ಲಕ್ಷ ರೂಪಾಯಿ ಕೊಟ್ಟಿದ್ದರು. ಕೆಲಸ ಮುಗಿದ ಮೇಲೆ, ವ್ಯಕ್ತಿಯ ಮೇಲಿನ ಮೆಚ್ಚಿಕೆಯಿಂದ ಕೊಟ್ಟದ್ದು, ಕೆಲಸದ ಸಂಬಳವಲ್ಲ, ಆದಕಾರಣ ತೆರಿಗೆ ಇಲ್ಲವೆಂದು ನ್ಯಾಯಾಲಯ ಹೇಳಿತು.

ಎರಡನ್ನೂ ಕೂಡಿಸಿ ಓದಿದರೆ, ಅರಸನಿಂದ ಪಡೆದ ದಿವಾನನಿಗೆ ಮಾಫಿ, ಶಿಷ್ಯನಿಂದ ಪಡೆದ ಗುರುವಿಗೆ ತೆರಿಗೆ. ಮೊದಲ ನೋಟಕ್ಕೆ ತಲೆಕೆಳಗಾಗಿ ಕಾಣುತ್ತದೆ. ಆದರೆ ನ್ಯಾಯಾಲಯ ಕೇಳಿದ ಪ್ರಶ್ನೆ ಎರಡರಲ್ಲಿಯೂ ಒಂದೇ: ಈ ಹಣ ಕೆಲಸದ ಬೆನ್ನು ಹತ್ತಿ ಬಂತೆ, ವ್ಯಕ್ತಿಯ ಬೆನ್ನು ಹತ್ತಿ ಬಂತೆ? ಇನಾಮ್ ಕಮಿಶನ್ನಿನವರು ಸೇವೆಯ ಇನಾಮನ್ನೂ ವೈಯಕ್ತಿಕ ಇನಾಮನ್ನೂ ಬೇರೆ ಬೇರೆ ಪಟ್ಟಿಯಲ್ಲಿ ಬರೆದಾಗ ಕೇಳಿದ್ದೂ ಇದನ್ನೇ.

ಈ ಅಳತೆಗೋಲಿನಿಂದ ನೋಡಿದರೆ ಬಾನುಲಿಯ ಗೌರವಧನ ಎಲ್ಲಿ ನಿಲ್ಲುತ್ತದೆಂಬುದು ಸ್ಪಷ್ಟ. ನೀವು ಬರೆದಿರಿ, ಓದಿದಿರಿ, ಅದಕ್ಕೆ ಕೊಟ್ಟರು. ಬರೆಹ, ಸಂಗೀತವೇ ನಿಮ್ಮ ವೃತ್ತಿಯಾದರೆ ಅದು ವೃತ್ತಿಯ ಆದಾಯ. ಅದಕ್ಕಾಗಿ ಮಾಡಿದ ಖರ್ಚನ್ನು ಕಳೆದು ಉಳಿದದ್ದಕ್ಕೆ ತೆರಿಗೆ. ಅಪರೂಪಕ್ಕೊಮ್ಮೆ ಬಂದುದಾದರೆ ಇತರ ಮೂಲಗಳ ಆದಾಯ. ನಿಮ್ಮ ಸ್ವಂತ ಕಚೇರಿಯೇ ವಿಶೇಷ ಕೆಲಸಕ್ಕೆಂದು ಕೊಟ್ಟರೆ ಅದು ಸಂಬಳದ ಲೆಕ್ಕದಲ್ಲಿ ಸೇರುತ್ತದೆ. ಸರ್ವಮಾನ್ಯವೆಂಬುದು ಪೂರ್ತಿ ಸತ್ತಿಲ್ಲ. ಸಾರ್ವಜನಿಕ ಹಿತಕ್ಕಾಗಿ ಸರಕಾರವು ಸ್ಥಾಪಿಸಿದ ಅಥವಾ ಒಪ್ಪಿದ ಪ್ರಶಸ್ತಿಯ ಹಣಕ್ಕೆ ವಿನಾಯಿತಿ ಕೊಡುವ ಏರ್ಪಾಡು ಕಾಯಿದೆಯಲ್ಲಿದೆ. ಪ್ರಶಸ್ತಿ ಬಂದರೆ ಸರ್ವನಮಸ್ಯ, ಭಾಷಣ ಮಾಡಿದರೆ ಸಾರಾ.

ಕೊಡುವವರೇ ಮುರಿದುಕೊಳ್ಳುವ ಪದ್ಧತಿ ಸಂಬಳದ ವಿಷಯದಲ್ಲಿ ಬಹಳ ಹಳೆಯದು. ವೃತ್ತಿಯ ಶುಲ್ಕಕ್ಕೆ ಅದು ಬಂದದ್ದು 1995ರ ಜುಲೈ 1ರಿಂದ. ಮೊದಲು ನೂರಕ್ಕೆ ಐದು ಇದ್ದದ್ದು ಮುಂದೆ ಹತ್ತಾಯಿತು. ಒಬ್ಬರೇ ವರುಷದಲ್ಲಿ ಕೊಡುವ ಒಟ್ಟು ಮೊತ್ತ 20,000 ರೂಪಾಯಿ ಮೀರದಿದ್ದರೆ ಮುರಿಯಬೇಕಾಗಿಲ್ಲವೆಂಬ ಮಿತಿಯನ್ನು 2010ರಲ್ಲಿ 30,000ಕ್ಕೂ 2025ರ ಏಪ್ರಿಲ್ 1ರಿಂದ 50,000ಕ್ಕೂ ಏರಿಸಿದರು. 1961ರ ಕಾಯಿದೆಯ ಸ್ಥಾನಕ್ಕೆ 2025ರಲ್ಲಿ ಹೊಸ ಕಾಯಿದೆಯೊಂದು ಅಂಗೀಕಾರವಾಗಿ, 2026ರ ಏಪ್ರಿಲ್ 1ರಿಂದ ಜಾರಿ ಎಂದು ಗೊತ್ತಾಯಿತು. ಕಲಮುಗಳ ಅಂಕಿ ಬದಲಾದರೂ ಮುರಿದುಕೊಳ್ಳುವ ರೀತಿ ಅದೇ. ಮುಂಚೆ ಪಾವತಿಗೆ ಹಚ್ಚುತ್ತಿದ್ದ ರೆವಿನ್ಯೂ ಸ್ಟಾಂಪು ನಿಮಗೆ ನೆನಪಿರಬಹುದು. 1899ರ ಕಾಯಿದೆಯಂತೆ 20 ರೂಪಾಯಿ ಮೀರಿದ ಪಾವತಿಗೆ ಒಂದಾಣೆ. 2004ರಿಂದ 5,000 ರೂಪಾಯಿ ಮೀರಿದರೆ ಮಾತ್ರ ಒಂದು ರೂಪಾಯಿ. ಗೌರವಕ್ಕೆ ಅದೂ ಒಂದು ಪುಟ್ಟ ಜೂಡಿಯೇ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸಂಗತಿಯನ್ನು ಬಿಡುವಂತಿಲ್ಲ. ಮುರಿದುಕೊಂಡ ಹಣವೆಲ್ಲ ಹೋದ ಹಣವಲ್ಲ. ವರುಷದ ಒಟ್ಟು ಆದಾಯ ತೆರಿಗೆಯ ಮಿತಿಯೊಳಗಿದ್ದರೆ ವಿವರಪತ್ರ ಸಲ್ಲಿಸಿ ಅದನ್ನು ಮರಳಿ ಪಡೆಯಬಹುದು. ಓದು ಬರಹ ಬಲ್ಲ ಭಾಷಣಕಾರರು ಇದನ್ನು ಮಾಡಿಕೊಳ್ಳುತ್ತಾರೆ. ಡೊಳ್ಳಿನವರು, ಚೌಡಿಕೆಯವರು, ಭಜನೆಯವರು, ಹಂತಿಪದ ಹಾಡುವ ಒಕ್ಕಲಿಗರು ಮಾಡಿಕೊಳ್ಳುವುದಿಲ್ಲ. ಪ್ಯಾನ್ ಅಂಕಿ ಕೊಡದಿದ್ದರಂತೂ ನೂರಕ್ಕೆ ಹತ್ತರ ಬದಲು ಇಪ್ಪತ್ತು ಮುರಿಯುತ್ತಾರೆ. ಯಾರಿಂದ ತೆರಿಗೆ ಸಲ್ಲಬೇಕಾಗಿಲ್ಲವೋ ಅವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಕಾರಣ 1852ರದ್ದೇ: ಕಾಗದವನ್ನು ತೋರಿಸುವ ಭಾರ ಪಡೆದವನ ಮೇಲಿದೆ. ನಿಮ್ಮ ಊರಿನ ಮೇಳದವರು ಬಾನುಲಿಗೆ ಹಾಡಿ ಬಂದಿದ್ದರೆ, ಆ ವರುಷ ತೆರಿಗೆ ಮುರಿದ ಪ್ರಮಾಣಪತ್ರವನ್ನು ಅವರು ತರಿಸಿಕೊಂಡರೆ ಎಂದು ಕೇಳಿರಿ. ತರಿಸಿಕೊಂಡಿಲ್ಲವಾದರೆ ಒಂದು ಅರ್ಜಿ ಬರೆದುಕೊಡಿರಿ. ಅವರ ಹೆಸರಿನ ಹಣ ಖಜಾನೆಯ ಲೆಕ್ಕದಲ್ಲಿ ಅವರಿಗಾಗಿಯೇ ಕಾಯ್ದಿರುತ್ತದೆ.